ಜನಪ್ರತಿನಿಧಿಗಳೂ ಜನರ ಅಹವಾಲೂ

ಚುನಾವಣೆಗೆ ಮುನ್ನ ಮನೆಬಾಗಿಲಿಗೆ ಬಂದು ಕೈಮುಗಿದವರು ಆರಿಸಿಬಂದ ಮೇಲೆ ಕಾಣಸಿಗುವುದಿಲ್ಲವೆಂಬ ದೂರು ಹಳೆಯದು. ಇದು ಕೇವಲ ಸೌಜನ್ಯದ ಪ್ರಶ್ನೆಯಾಗಿದ್ದರೆ ಅಷ್ಟಾಗಿ ಚಿಂತಿಸಬೇಕಾಗಿರಲಿಲ್ಲ. ಆದರೆ ಜನರ ಮಾತಿಗೆ ಕಿವಿಗೊಡದ ಆಡಳಿತವು ತನಗೆ ಅತ್ಯಗತ್ಯವಾದ ಮಾಹಿತಿಯನ್ನೇ ಕಳೆದುಕೊಳ್ಳುತ್ತದೆ.

ಡೊಂಬಿವಲಿಯ ಔದ್ಯೋಗಿಕ ವಸಾಹತನ್ನೇ ನೋಡಬಹುದು. ನಡುರಾತ್ರಿ ರಾಸಾಯನಿಕದ ದುರ್ವಾಸನೆಗೆ ಎಚ್ಚೆತ್ತು, ಉಬ್ಬಸದ ಮಗುವಿಗಾಗಿ ಕಿಟಕಿ ಮುಚ್ಚುವ ತಾಯಿಗೆ ತಿಳಿದಿರುವುದು, ಹಗಲು ಹನ್ನೊಂದಕ್ಕೆ ತಪಾಸಣೆಗೆ ಬರುವ ಅಧಿಕಾರಿಗೆ ತಿಳಿಯಲಾರದು. 2014ರ ಜನವರಿಯಲ್ಲಿ ಅಲ್ಲಿ ಹಸಿರು ಬಣ್ಣದ ಮಳೆ ಸುರಿಯಿತು. 2016ರ ಮೇ 26ರಂದು ಪ್ರೊಬೇಸ್ ಕಾರ್ಖಾನೆ ಸ್ಫೋಟಗೊಂಡು 10ಕ್ಕೂ ಹೆಚ್ಚು ಮಂದಿ ಮಡಿದರು. 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅಂದಿನ ಮುಖ್ಯಮಂತ್ರಿ ಉದ್ಧವ ಠಾಕರೆಯವರೇ ಬಂದು ನೋಡಿದರು. ಆದರೂ 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್‌ನಲ್ಲಿ ಮತ್ತೊಂದು ಸ್ಫೋಟವಾಗಿ, ಮತ್ತೆ ಜನ ಪ್ರಾಣ ಕಳೆದುಕೊಂಡರು. ಆ ಹೊತ್ತಿನಲ್ಲಿ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಲ್ಲಿ ಒಬ್ಬ ನಗರಸೇವಕನೂ ಇರಲಿಲ್ಲ! 2020ರ ನವೆಂಬರಿನಲ್ಲಿ ಸಭೆಯ ಅವಧಿ ಮುಗಿದ ಮೇಲೆ, 2026ರ ಜನವರಿಯ ಚುನಾವಣೆಯವರೆಗೆ ಆಡಳಿತಾಧಿಕಾರಿಯದೇ ಕಾರುಬಾರು.

ನಗರಸೇವಕರಿದ್ದಿದ್ದರೆ ದುರಂತ ತಪ್ಪುತ್ತಿತ್ತೆಂದು ಹೇಳಲಾಗದು. ಕಾರ್ಖಾನೆಗಳ ಜಾಗ ಎಂ.ಐ.ಡಿ.ಸಿ.ಯದು, ಹೊಗೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ಕಾರ್ಮಿಕರ ಸುರಕ್ಷತೆ ಇನ್ನೊಂದು ಇಲಾಖೆಯದು. ಆದರೆ ಈ ಗೋಜಲಿನಿಂದಲೇ ಪ್ರತಿನಿಧಿಯ ಅಗತ್ಯ ಹೆಚ್ಚುತ್ತದೆ. ನವಿ ಮುಂಬಯಿಯಲ್ಲಿಯೂ ಸಿಡ್ಕೋ ಯಾವುದಕ್ಕೆ, ಪಾಲಿಕೆ ಯಾವುದಕ್ಕೆ ಎಂಬುದು ಸಾಮಾನ್ಯ ನಾಗರಿಕನಿಗೆ ಹೇಗೆ ತಿಳಿಯಬೇಕು? ಅಹವಾಲನ್ನು ಕೇಳಿ, ಯಾವ ಬಾಗಿಲನ್ನು ತಟ್ಟಬೇಕೋ ಅಲ್ಲಿಗೆ ಒಯ್ಯುವುದು ಚುನಾಯಿತರ ಕೆಲಸ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿದೆ. ಆದರೆ ಹಲವು ಪ್ರಭಾಗಗಳಿಗೆ ಒಂದೇ ಸಮಿತಿಯಾದರೆ ಅದು ಬೀದಿಯ ಮಾತನ್ನು ಎಷ್ಟು ಕೇಳೀತು? ಈಗ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಬಹುತೇಕ ಪ್ರಭಾಗಗಳಿಗೆ ನಾಲ್ವರು ಸದಸ್ಯರು. ನಾಲ್ವರ ಹೊಣೆ ಯಾರ ಹೊಣೆಯೂ ಅಲ್ಲವೆಂಬಂತಾಗುವ ಭಯವಿದೆ.

ಮುಂಜಾನೆಯ ಲೋಕಲ್ ಹಿಡಿದು ರಾತ್ರಿ ಮರಳುವವರಿಗೆ ಕಚೇರಿಯ ವೇಳೆಯ ಭೇಟಿ ನಿರುಪಯೋಗಿ. ತಿಂಗಳಿಗೊಂದು ಭಾನುವಾರ, ನಿಗದಿತ ಸ್ಥಳದಲ್ಲಿ ಪ್ರತಿನಿಧಿಯು ಕುಳಿತುಕೊಳ್ಳಬೇಕು. ಕೇಳಿದ್ದನ್ನು ದಫ್ತರದಲ್ಲಿ ಬರೆಸಿ, ಮುಂದಿನ ಬೈಠಕ್ಕಿನಲ್ಲಿ ಅದರ ಗತಿಯೇನಾಯಿತೆಂದು ಓದಿ ಹೇಳಬೇಕು. ಬರೆದಿಡದ ಭರವಸೆಯು ರಸೀದಿಯಿಲ್ಲದ ಠೇವಣಿಯಂತೆ.

ಕನ್ನಡಿಗರಲ್ಲಿಯೂ ಒಂದು ಸಂಕೋಚವುಂಟು: ಮರಾಠಿ ಆಡಬಲ್ಲವರು ಬರೆಯಲು ಹಿಂಜರಿಯುತ್ತಾರೆ. ಇಲ್ಲಿಯೇ ಓದಿ ಬೆಳೆದ ನಮ್ಮ ತರುಣರು ಸಂಘದ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಕುಳಿತು ಅರ್ಜಿ ಬರೆದುಕೊಡಬಹುದು. ಅರ್ಜಿಯಲ್ಲಿ ತಾರೀಖು, ಗಂಟೆ, ಸ್ಥಳ ಸ್ಪಷ್ಟವಾಗಿರಲಿ. ಸೊಸೈಟಿಯ ಮೊಹರಿದ್ದರೆ ಒಳಿತು. ಆವಕ್ ನಂಬರು ಹಾಕಿಸಿಕೊಂಡ ಪ್ರತಿಯೊಂದನ್ನು ಕೈಯಲ್ಲಿಟ್ಟುಕೊಳ್ಳದೆ ಮನೆಗೆ ಮರಳಬಾರದು.