ಆಲಂಬಾಡಿ ಗೋತಳಿಯ ಉದಯಾಸ್ತಗಳು

ಕಾಡಿನ ಮೃಗವೊಂದರ ಕುಲವು ನಶಿಸುವುದು ಅದರ ಕಡೆಯ ಜೀವಿ ಸತ್ತಾಗ. ಮನುಷ್ಯನು ಸಾಕಿದ ತಳಿಯ ನಾಶವಾದರೋ ಇಷ್ಟು ಸ್ಪಷ್ಟವಾಗಿ ಗೋಚರಿಸುವುದಿಲ್ಲ. ಕೊಟ್ಟಿಗೆಯ ತುಂಬ ದನಗಳಿರುವಾಗಲೇ ತಳಿಯು ಕರಗಿಹೋಗಿರುತ್ತದೆ. ಬಂಡಳ್ಳಿಯ ಸುತ್ತಣ ಕೊಳ್ಳೇಗಾಲ-ಹನೂರು ಸೀಮೆಯಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದ ಆಲಂಬಾಡಿ ದನಗಳ ವೃತ್ತಾಂತವು ಇಂಥದು.

ಆಲಂಬಾಡಿಯು ಹೊಗೇನಕಲ್ಲಿಗೆ ಸಮೀಪದಲ್ಲಿ ಕಾವೇರಿಯ ತೀರದಲ್ಲಿರುವ ಗ್ರಾಮ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಈ ದನಗಳ ವರ್ಣನೆಯನ್ನು ಮದರಾಸಿನ ಗ್ರಂಥಗಳಲ್ಲಿ ಹುಡುಕಬೇಕು. ದಕ್ಷಿಣ ಭಾರತದ ಜಾನುವಾರುಗಳನ್ನು ಕುರಿತು 1936ರಲ್ಲಿ ಗ್ರಂಥ ರಚಿಸಿದ ಲಿಟಲ್‌ವುಡ್ ಎಂಬ ಅಧಿಕಾರಿಗಳು ಇವನ್ನು ವಿವರಿಸಿದ್ದಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1953ರಲ್ಲಿ ಹೊರತಂದ ಗ್ರಂಥವು ಆಲಂಬಾಡಿಯನ್ನು ಹಳ್ಳಿಕಾರ್, ಅಮೃತಮಹಲ್, ಬರಗೂರು ತಳಿಗಳೊಡನೆ ಮೈಸೂರು ವರ್ಗದಲ್ಲಿ ಎಣಿಸಿದೆ. ನೀಳವಾದ ಮುಖ, ಉಬ್ಬಿದ ಹಣೆ, ಹಿಂದಕ್ಕೆ ಬಾಗಿದ ಕೊಂಬು, ಬೂದು ಅಥವಾ ಕಡುಬೂದು ಮೈಬಣ್ಣ. ಹೋರಿಗಳಲ್ಲಿ ಈ ಬಣ್ಣವು ಕಪ್ಪಿಗೆ ತಿರುಗುವುದುಂಟು. ಹಣೆಯಲ್ಲಿಯೂ ಕಾಲುಗಳಲ್ಲಿಯೂ ಬಿಳಿಯ ಗುರುತುಗಳು. ಹಳ್ಳಿಕಾರಿನ ಬಂಧುವೆಂದು ಬಲ್ಲವರು ನೋಡಿದೊಡನೆ ಹೇಳಿಯಾರು.

ಈ ತಳಿಯನ್ನು ರೂಪಿಸಿದ್ದು ಕಾಡು ಮತ್ತು ದುಡಿಮೆ. ದನಗಳನ್ನು ಹಗಲೆಲ್ಲ ಅರಣ್ಯದಲ್ಲಿ ಮೇಯಿಸಿ ಇರುಳು ಮುಳ್ಳುಬೇಲಿಯ ದೊಡ್ಡಿಯಲ್ಲಿ ಕೂಡುತ್ತಿದ್ದರು. ಈ ಸೀಮೆಯ ಅನೇಕ ಗ್ರಾಮನಾಮಗಳು ‘ದೊಡ್ಡಿ’ ಎಂಬ ಪದದಲ್ಲಿ ಮುಗಿಯುವುದನ್ನು ವಾಚಕರು ಬಲ್ಲರು. ಊರಿಗಿಂತ ಮೊದಲು ದನವಿದ್ದ ಕಥೆಯನ್ನು ಆ ಹೆಸರುಗಳೇ ಹೇಳುತ್ತವೆ. ಒಣ ಹುಲ್ಲು, ಕಲ್ಲುಗುಡ್ಡ, ದೂರದ ನೀರು, ಚಿರತೆಯ ಭಯ ಇವುಗಳ ನಡುವೆ ಬೆಳೆದ ಕರುವು ಗಟ್ಟಿ ಗೊರಸಿನ, ಅಲ್ಪ ಮೇವಿನಲ್ಲಿ ಬಾಳುವ ಎತ್ತಾಗುತ್ತಿತ್ತು. ಬಯಲಿನ ರೈತರು ಅಂಥ ಕರುಗಳನ್ನು ಕೊಂಡು ಪಳಗಿಸಿ ನೇಗಿಲಿಗೂ ಗಾಡಿಗೂ ಕಪಿಲೆಗೂ ಹೂಡುತ್ತಿದ್ದರು. ಹಸುವು ಕೊಡುವ ಹಾಲು ಕರುವಿನ ಪಾಲಿಗಷ್ಟೇ ಸಾಕಾಗುವಂತಿದ್ದರೂ ಅದನ್ನು ಯಾರೂ ಕುಂದೆಂದು ಎಣಿಸಲಿಲ್ಲ. ವೃಷಭ ಶಬ್ದದ ತದ್ಭವವಾದ ಬಸವ ಎಂಬ ಹೆಸರನ್ನು ಮಕ್ಕಳಿಗಿಡುವ ನಾಡಿನಲ್ಲಿ ದನದ ಬೆಲೆಯನ್ನು ಹಾಲಿನ ಲೀಟರಿನಿಂದ ಅಳೆಯುವುದು ತೀರ ಈಚಿನ ಮಾತು.

ಅಳಿವು ಒಂದೇ ಕಡೆಯಿಂದ ಬರಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡಾಗ ನದೀತೀರದ ಭೂಮಿ ನೀರಿನಡಿ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು, 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಮಲೆಮಹದೇಶ್ವರ ವನ್ಯಧಾಮ, ಇವೆಲ್ಲ ಕಾಡಿನ ಹಿತಕ್ಕಾಗಿಯೇ ಬಂದವು. ಆದರೆ ಕಾಡಿನಲ್ಲಿ ಮೇಯುವ ಮಂದೆಗೆ ದಾರಿ ಕಿರಿದಾಯಿತು. ತೆರೆದಿದ್ದ ಜಾಗವನ್ನೂ ಲಂಟಾನ ಪೊದೆ ಆವರಿಸಿ ಹುಲ್ಲನ್ನು ನುಂಗಿತು. ಇವೆಲ್ಲವನ್ನೂ ತಾಳಿಕೊಳ್ಳಬಹುದಿತ್ತೇನೋ. ತಾಳಲಾಗದ ಪೆಟ್ಟು ಬೇರೆ: ಬಾವಿಗೆ ಪಂಪು, ಹೊಲಕ್ಕೆ ಟ್ರ್ಯಾಕ್ಟರು ಬಂದವು. ಎತ್ತಿಗೆ ಕೆಲಸವಿಲ್ಲದೆ ಹೋರಿಕರುವಿಗೆ ಗಿರಾಕಿಯಿಲ್ಲದಾಯಿತು. ಆಗ ರೈತನು ಹಾಲಿನ ಆಸೆಯಿಂದ ಹಸುವಿಗೆ ಜೆರ್ಸಿ, ಹೋಲ್‌ಸ್ಟೀನ್ ಬೀಜ ಕೊಡಿಸಿದನು. ಅವನ ಬಡತನದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಎರಡು ಮೂರು ತಲೆಮಾರಿನೊಳಗೆ ಉಬ್ಬಿದ ಹಣೆಯೂ ಹಿಂಬಾಗಿದ ಕೊಂಬೂ ಮಂದೆಯಿಂದ ಮರೆಯಾದವು.

ಬೆರೆತು ಕರಗುವ ಈ ಬಗೆ ನಮ್ಮ ಸೀಮೆಗೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ 1860ರ ದಶಕದಿಂದ ಶ್ವಾನಪ್ರದರ್ಶನಗಳಲ್ಲಿ ಮೆರೆದ ಬಿಳಿ ಟೆರಿಯರ್ ಎಂಬ ನಾಯಿತಳಿಯು ಚೆಲುವಿಗಾಗಿಯೇ ಬೆಳೆಸಲ್ಪಟ್ಟು, ಕಿವುಡುತನಕ್ಕೂ ದುರ್ಬಲತೆಗೂ ಈಡಾಗಿ, ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಕಾಣದಾಯಿತು. ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಿಂಕ್ಸ್ ರೂಪಿಸಿದ ಬುಲ್ ಟೆರಿಯರ್ ನಾಯಿಯಲ್ಲಿ ಅದರ ರಕ್ತ ಇಂದಿಗೂ ಹರಿಯುತ್ತಿದೆ, ತಳಿ ಮಾತ್ರ ಇಲ್ಲ. ಅದು ಕೆಲಸಕ್ಕೆ ಬಾರದ ಅಲಂಕಾರದಿಂದ ಅಳಿಯಿತು. ಆಲಂಬಾಡಿಯು ತನ್ನ ಕೆಲಸವನ್ನು ಕಳೆದುಕೊಂಡು ಅಳಿವಿನ ಅಂಚಿಗೆ ಬಂದಿತು.

ಅಲ್ಲಲ್ಲಿ ಉಳಿದಿರುವ ದನಗಳ ರಕ್ಷಣೆಗಾಗಿ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾನಿಲಯವು ಧರ್ಮಪುರಿ ಜಿಲ್ಲೆಯಲ್ಲಿ ಆಲಂಬಾಡಿ ತಳಿಗಾಗಿಯೇ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದೆ. ತಳಿಗೆ ಹೆಸರು ಕೊಟ್ಟ ಊರಿರುವ ನಮ್ಮ ಕಡೆಯಲ್ಲಿ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ದನಗಳ ಬಣ್ಣ, ಕೊಂಬು, ಸುಳಿ ಇವುಗಳಿಗೆ ಹಿರಿಯ ದನಗಾಹಿಗಳು ಇಟ್ಟಿದ್ದ ಹೆಸರುಗಳನ್ನು ಕೇಳಿ ಬರೆದಿಡುವುದು. ಮೇಲಿನ ತರಗತಿಯ ವಿದ್ಯಾರ್ಥಿಗಳಿಂದ ಇದು ಒಂದು ಬೇಸಿಗೆಯ ರಜೆಯಲ್ಲಿ ಆಗಬಹುದು.