ಶೀತಲಗೃಹ: ಕೊಳ್ಳುವ ಮುನ್ನ, ಕೊಂಡ ಮೇಲೆ

ಭೀಮಾ ತೀರದ ದೌಂಡ ಪುಣೆ ಜಿಲ್ಲೆಯ ದೊಡ್ಡ ರೈಲು ಜಂಕ್ಷನ್ನು. ಸೊಲ್ಲಾಪುರದ ಮಾರ್ಗವಾಗಿ ಪುಣೆ, ಮುಂಬಯಿಗಳಿಗೆ ಬಂದು ನೆಲಸಿದ ಕನ್ನಡಿಗರಿಗೆ ಅದು ಅಪರಿಚಿತವಲ್ಲ. ಖಡಕವಾಸಲಾ ಕಾಲುವೆಯ ನೀರುಣ್ಣುವ ಈ ತಾಲೂಕಿನಲ್ಲಿ ಕಬ್ಬಿನಂತೆ ಹೈನವೂ ಹುಲುಸು. ಇಲ್ಲಿಂದ ಪುಣೆ ಸುಮಾರು 75 ಕಿಲೋಮೀಟರು. ಆದರೆ ಹಾಲು, ಪನೀರು, ಖೋವಾಗಳನ್ನು ನಗರದ ಹೋಟೆಲುಗಳಿಗೆ ಒದಗಿಸುವವನಿಗೆ ಬೇಸಗೆಯ ನಲವತ್ತು ಡಿಗ್ರಿಯ ಬಿಸಿಲು ಆ ದೂರವನ್ನು ಇಮ್ಮಡಿಗೊಳಿಸುತ್ತದೆ. ಆದುದರಿಂದ ವ್ಯಾಪಾರ ಬೆಳೆದಂತೆ ಒಳಹೊಕ್ಕು ನಡೆದಾಡುವಷ್ಟು ದೊಡ್ಡ ಶೀತಲಗೃಹದ ಬೆಲೆಯನ್ನು ಅವನು ವಿಚಾರಿಸತೊಡಗುತ್ತಾನೆ. ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದುದು ಬೇರೆಯೇ ಇದೆ: ಸರಕು ಒಳಗೆ ಬರುವಾಗ ಎಷ್ಟು ಬಿಸಿಯಾಗಿರುತ್ತದೆ?

ಶೀತಲಗೃಹವನ್ನು ರಚಿಸಿರುವುದು ತಂಪಾದುದನ್ನು ಕಾಯುವುದಕ್ಕೆ. ಬಿಸಿಯಾದುದನ್ನು ಆರಿಸುವ ಕೆಲಸಕ್ಕೆ ಅದು ತಕ್ಕುದಲ್ಲ. 35 ಡಿಗ್ರಿಯಲ್ಲಿ ಬಂದ 1,000 ಲೀಟರು ಹಾಲನ್ನು 4 ಡಿಗ್ರಿಗೆ ಇಳಿಸಲು ಒಂದು ಟನ್ ಸಾಮರ್ಥ್ಯದ ಯಂತ್ರ, ಬೇರಾವ ಕೆಲಸವನ್ನೂ ಮಾಡದೆ, ಸುಮಾರು ಹತ್ತು ತಾಸು ದುಡಿಯಬೇಕು. (ಟನ್ ಎಂಬುದು ಇಲ್ಲಿ ಯಂತ್ರದ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿ.) ಅಷ್ಟರಲ್ಲಿ ಅನುಕೂಲವಾದ ಬೆಚ್ಚಗಿನಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. ಅವುಗಳಲ್ಲಿ ಸ್ಟೆಫಿಲೊಕಾಕಸ್ ಎಂಬುದು ಸ್ರವಿಸುವ ವಿಷ ಕುದಿಸಿದರೂ ನಾಶವಾಗದು. ರುಚಿಯಲ್ಲಿ, ವಾಸನೆಯಲ್ಲಿ ಸುಳಿವನ್ನೂ ಕೊಡದು. "ಇನ್ನೊಮ್ಮೆ ಕಾಯಿಸಿದರಾಯಿತು" ಎಂಬ ಅಡಿಗೆಮನೆಯ ಧೈರ್ಯ ಇಲ್ಲಿ ಸಲ್ಲದು. ಉಂಡವರಿಗೆ ಕೆಲವೇ ತಾಸುಗಳಲ್ಲಿ ವಾಂತಿ, ಹೊಟ್ಟೆನೋವು ಹಿಡಿದಾಗಲೇ ವಿಷಯ ಬಯಲಾಗುವುದು. ಆದುದರಿಂದ ಹಾಲು ಮೊದಲು ತನ್ನದೇ ಶೈತ್ಯತೊಟ್ಟಿಯಲ್ಲಿ ಬೇಗನೆ ತಣಿದು, ಬಳಿಕ ಶೀತಲಗೃಹ ಸೇರಬೇಕು. ಹೋಟೆಲಿನವರ ಇಡ್ಲಿ ಹಿಟ್ಟಿಗೂ ಇದೇ ನ್ಯಾಯ. ಆಳವಾದ ಪಾತ್ರೆಯ ನಡುವಿನ ಹಿಟ್ಟು ತಾಸುಗಟ್ಟಲೆ ಬೆಚ್ಚಗಿದ್ದು ಹುಳಿಯುತ್ತಲೇ ಇರುತ್ತದೆ. ಅಗಲವಾದ ತಗ್ಗು ಪಾತ್ರೆಗಳೇ ಲೇಸು.

ಕೋಣೆಯ ಗೋಡೆಗಳು ಎರಡು ಲೋಹದ ತಗಡುಗಳ ನಡುವೆ ಪಾಲಿಯುರೆಥೇನ್ ನೊರೆ ತುಂಬಿದ ಫಲಕಗಳು. ಹಾಲಿನ ಕೋಣೆಗೆ 60ರಿಂದ 100 ಮಿಲಿಮೀಟರು ದಪ್ಪ ಸಾಮಾನ್ಯ. ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕಾದ ಐಸ್‌ಕ್ರೀಮಿನಂತಹ ಸರಕಿಗೆ ಇನ್ನೂ ದಪ್ಪ ಬೇಕು, ನೆಲಕ್ಕೂ ಉಷ್ಣನಿರೋಧಕ ಬೇಕು. ಎಲ್ಲವನ್ನೂ ಒಂದೇ ಕೋಣೆಯಲ್ಲಿ ತುಂಬುವ ಆಸೆ ಬೇಡ. ಹಾಲಿಗೆ ಹಿತವಾದ 4 ಡಿಗ್ರಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ. ಅದಕ್ಕೆ 13ರ ಆಸುಪಾಸು ಸರಿ. ಶಾಖವನ್ನು ಹೊರಚೆಲ್ಲುವ ಕಂಡೆನ್ಸರನ್ನು ಒಲೆಯ ಪಕ್ಕದಲ್ಲೋ ಗಾಳಿಯಾಡದ ಮೂಲೆಯಲ್ಲೋ ಇರಿಸುವುದುಂಟು. ಅಗ್ಗದ ಯಂತ್ರ ಕೊಂಡ ನಷ್ಟಕ್ಕಿಂತ ಇದು ದೊಡ್ಡ ನಷ್ಟ. ಯಂತ್ರದ ಸಾಮರ್ಥ್ಯವನ್ನು ದೌಂಡದ ಮೇ ತಿಂಗಳ ಮಧ್ಯಾಹ್ನಕ್ಕೆ ಹೊಂದಿಸಿ ಕೇಳಬೇಕು.

ಕೊಂಡ ಮೇಲೆ ಬಾಗಿಲೇ ಮುಖ್ಯ. ಬಾಗಿಲಿನ ರಬ್ಬರು ಪಟ್ಟಿಯ ನಡುವೆ ಕಾಗದದ ಚೂರಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ತಂಪೂ ಹಾಗೆಯೇ ಜಾರುತ್ತಿದೆಯೆಂದು ತಿಳಿಯಬೇಕು. ಕಂಡೆನ್ಸರಿನ ಧೂಳನ್ನು ಬೇಸಗೆಯಲ್ಲಿ ಹೆಚ್ಚು ಸಲ ತೆಗೆಯಬೇಕು. ಒಳಗಿನ ಸುರುಳಿಯ ಮೇಲೆ ಹಿಮ ದಪ್ಪಗಟ್ಟಿದರೆ ಗಾಳಿ ಸುಳಿಯದು. ಸರಕನ್ನು ಗೋಡೆಗೆ ಒತ್ತಿ ಪೇರಿಸಿದರೂ ಅಷ್ಟೆ. ಒಳಗಿನಿಂದ ಬಾಗಿಲು ತೆರೆಯುವ ಹಿಡಿಯನ್ನು ಆಗಾಗ ಪರೀಕ್ಷಿಸಬೇಕು. ಒಳಗೆ ಸಿಕ್ಕಿಕೊಂಡ ಆಳಿನ ಪ್ರಾಣ ಅದರಲ್ಲಿದೆ.

ಹೊರಗಿನ ಫಲಕದ ಅಂಕಿಯನ್ನೇ ನಂಬದೆ, ಒಳಗೆ ಬೇರೊಂದು ಉಷ್ಣಮಾಪಕವನ್ನು ತೂಗುಹಾಕಿ ಬೆಳಿಗ್ಗೆ ಸಂಜೆ ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ. ಕರೆಂಟು ಹೋದಾಗ ಗಳಿಗೆಗೊಮ್ಮೆ ಬಾಗಿಲು ತೆರೆದು ನೋಡಬಾರದು. ಕರೆಂಟು ಬಂದ ಮೇಲೆ ಹಾಲು, ಪನೀರುಗಳನ್ನೇ ಅಳೆದು ನೋಡಿ, ನಾಲ್ಕು ತಾಸಿಗೂ ಮೀರಿ ಬೆಚ್ಚಗಾಗಿದ್ದವೆಂದು ಕಂಡುಬಂದ ಸರಕನ್ನು, ವಾಸನೆ ಚೆನ್ನಾಗಿದ್ದರೂ, ಪುಣೆಯ ಗಾಡಿಗೆ ಏರಿಸಬಾರದು.