ಆಸ್ಪತ್ರೆಗೆ ಬಾರದ ಮಕ್ಕಳು: ಉಳಿತಾಯವೋ, ಬಾಕಿಯೋ?

ಒಂದು ಕಾರ್ಖಾನೆಯ ಲಾಭ-ನಷ್ಟ ಖಾತೆಯಲ್ಲಿ ಯಂತ್ರಗಳ ದುರಸ್ತಿ ವೆಚ್ಚವು ಯಾವುದೋ ಒಂದು ವರ್ಷ ಏಕಾಏಕಿ ಅರ್ಧಕ್ಕಿಳಿದಿದ್ದರೆ, ಅನುಭವವುಳ್ಳ ಲೆಕ್ಕಪರಿಶೋಧಕನು ಸಂತೋಷಪಡುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ. ಯಂತ್ರಗಳು ಆ ವರ್ಷ ಕೆಡಲೇ ಇಲ್ಲವೋ, ಅಥವಾ ಕೆಟ್ಟಿದ್ದರೂ ದುರಸ್ತಿ ಮಾಡಿಸಲಿಲ್ಲವೋ? ಮೊದಲನೆಯದು ನಿಜವಾದ ಉಳಿತಾಯ. ಎರಡನೆಯದು ಮುಂದಿನ ವರ್ಷಕ್ಕೆ ದಾಟಿಸಿದ ಬಾಕಿ. ಖಾತೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಕೋವಿಡ್-19 ಸಾಂಕ್ರಾಮಿಕದ ಅವಧಿಯಲ್ಲಿ ಮಕ್ಕಳ ಆಸ್ಪತ್ರೆಗಳ ಲೆಕ್ಕದಲ್ಲಿಯೂ ಇಂತಹುದೇ ಒಂದು ಇಳಿಕೆ ಕಂಡುಬಂದಿತು. ಅದರಲ್ಲಿ ಉಳಿತಾಯವೆಷ್ಟು, ಬಾಕಿಯೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ವೈದ್ಯರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಹತ್ತಿಪ್ಪತ್ತು ಜನರಿಗೆ ಕೆಲಸ ಕೊಟ್ಟಿರುವ ಪ್ರತಿಯೊಬ್ಬ ವರ್ತಕ ಮತ್ತು ಸಣ್ಣ ಉದ್ಯಮಿಗೂ ಇದರಲ್ಲಿ ಪಾಠವಿದೆ.

ಇಳಿಕೆಯ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಬಣ್ಣಿಸಿತು. ಅದಾದ ಕೆಲವೇ ವಾರಗಳಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳು ಬರಿದಾಗತೊಡಗಿದವು. ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿ.ಡಿ.ಸಿ. ಪ್ರಕಟಿಸಿದ ಅಂಕಿ-ಅಂಶಗಳಂತೆ, 2019ರಲ್ಲಿ ವಾರಕ್ಕೆ ಸರಾಸರಿ 21 ಲಕ್ಷದಷ್ಟಿದ್ದ ಭೇಟಿಗಳು 2020ರ ಮಾರ್ಚ್ 29ರಿಂದ ಏಪ್ರಿಲ್ 25ರವರೆಗಿನ ಅವಧಿಯಲ್ಲಿ 12 ಲಕ್ಷಕ್ಕೆ ಇಳಿದವು. ಒಟ್ಟಾರೆ ಇಳಿಕೆ ಶೇ. 42. ಆದರೆ 10 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಲ್ಲಿ ಈ ಇಳಿಕೆ ಶೇ. 72ರಷ್ಟಿತ್ತು. ಎಲ್ಲ ವಯೋಮಾನಗಳಲ್ಲಿ ಅತಿ ಹೆಚ್ಚು ಕುಸಿತ ಕಂಡದ್ದು ಮಕ್ಕಳ ಭೇಟಿಗಳಲ್ಲಿಯೇ.

ಉಳಿತಾಯದ ಭಾಗ

ಈ ಕುಸಿತದ ಒಂದು ಭಾಗ ನಿಜವಾದ ಲಾಭವೆಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಉತ್ತಮ ನಿದರ್ಶನ. ಭೂಮಿಯ ದಕ್ಷಿಣಾರ್ಧದಲ್ಲಿರುವ ಆ ರಾಜ್ಯಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಪ್ರತಿ ಚಳಿಗಾಲದಲ್ಲಿಯೂ ಆರ್.ಎಸ್.ವಿ. ಎಂಬ ವೈರಾಣು ಮತ್ತು ಇನ್‌ಫ್ಲುಯೆಂಜಾ ಜ್ವರ ಮಕ್ಕಳನ್ನು ಕಾಡುವುದು ವಾಡಿಕೆ. ಆರ್.ಎಸ್.ವಿ. ದೊಡ್ಡವರಲ್ಲಿ ಸಾಮಾನ್ಯವಾಗಿ ನೆಗಡಿಯಂತೆ ಬಂದುಹೋದರೂ ಹಸುಳೆಗಳ ಸಣ್ಣ ಶ್ವಾಸನಾಳಗಳನ್ನು ಊದಿಸಿ ಉಸಿರಾಟಕ್ಕೇ ಕುತ್ತು ತರಬಲ್ಲದು. 2020ರ ಚಳಿಗಾಲದಲ್ಲಿ ಅಲ್ಲಿನ ಮಕ್ಕಳಲ್ಲಿ ಆರ್.ಎಸ್.ವಿ. ಪ್ರಕರಣಗಳು ಶೇ. 98ರಷ್ಟೂ ಇನ್‌ಫ್ಲುಯೆಂಜಾ ಶೇ. 99ಕ್ಕೂ ಹೆಚ್ಚಾಗಿಯೂ ಕಡಿಮೆಯಾದವು. ಗಮನಿಸಬೇಕಾದ ಅಂಶವೆಂದರೆ, ಆ ವೇಳೆಗೆ ಶಾಲೆಗಳು ಮತ್ತೆ ತೆರೆದಿದ್ದವು. ಗಡಿಗಳನ್ನು ಮುಚ್ಚಿದ್ದು, ಕೈ ತೊಳೆಯುವ ರೂಢಿ, ಕಾಯಿಲೆಯಿದ್ದವರು ಮನೆಯಲ್ಲಿಯೇ ಉಳಿದದ್ದು ಇವೆಲ್ಲ ಸೇರಿ ಈ ಫಲ ನೀಡಿದವು. ಯಂತ್ರ ಕೆಡಲೇ ಇಲ್ಲ ಎಂಬ ಲೆಕ್ಕ ಇದು.

ಬಾಕಿಯ ಭಾಗ

ಇಟಲಿಯ ಅನುಭವ ಇದಕ್ಕೆ ತದ್ವಿರುದ್ಧ. 2020ರ ಮಾರ್ಚ್‌ನಲ್ಲಿ ಅಲ್ಲಿನ ಐದು ಆಸ್ಪತ್ರೆಗಳಲ್ಲಿ ಮಕ್ಕಳ ತುರ್ತು ಭೇಟಿಗಳು ಹಿಂದಿನ ವರ್ಷಗಳಿಗೆ ಹೋಲಿಸಿದರೆ ಶೇ. 73ರಿಂದ 88ರವರೆಗೆ ಇಳಿದಿದ್ದವು. ಅದೇ ತಿಂಗಳ 23ರಿಂದ 27ರವರೆಗಿನ ಒಂದೇ ವಾರದಲ್ಲಿ, ತಡವಾಗಿ ಆಸ್ಪತ್ರೆಗೆ ಬಂದ 12 ಮಕ್ಕಳ ಪ್ರಕರಣಗಳನ್ನು ವೈದ್ಯರು ದಾಖಲಿಸಿದರು. ಆಸ್ಪತ್ರೆಗೆ ಹೋದರೆ ಸೋಂಕು ತಗುಲೀತೆಂಬ ಭಯವೇ ವಿಳಂಬಕ್ಕೆ ಮುಖ್ಯ ಕಾರಣವಾಗಿತ್ತು. ಆ 12 ಮಕ್ಕಳಲ್ಲಿ ನಾಲ್ವರು ಬದುಕುಳಿಯಲಿಲ್ಲ.

ಭಾರತದಲ್ಲಿ ಬಾಕಿಯು ಮತ್ತೊಂದು ರೂಪದಲ್ಲಿ ಸಂಗ್ರಹವಾಯಿತು. ಗಂಟಲಮಾರಿ, ನಾಯಿಕೆಮ್ಮು ಮತ್ತು ಧನುರ್ವಾಯುವಿನ ವಿರುದ್ಧ ಕೊಡುವ ಡಿ.ಪಿ.ಟಿ. ಲಸಿಕೆಯ ಮೂರೂ ಸುತ್ತು ಪೂರೈಸಿದ ಶಿಶುಗಳ ಪ್ರಮಾಣ 2019ರಲ್ಲಿ ಶೇ. 91 ಇದ್ದದ್ದು 2020ರಲ್ಲಿ ಶೇ. 85ಕ್ಕೆ ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು ಮಾಡಿದವು. ಈ ಲಸಿಕೆಯ ಒಂದು ಸುತ್ತನ್ನೂ ಪಡೆಯದ ಮಕ್ಕಳು 2021ರಲ್ಲಿ ಸುಮಾರು 27 ಲಕ್ಷ ಇದ್ದರು. ವಿಶೇಷ ಅಭಿಯಾನಗಳ ಫಲವಾಗಿ 2022ರಲ್ಲಿ ಈ ಸಂಖ್ಯೆ 11 ಲಕ್ಷಕ್ಕೆ ಇಳಿದದ್ದು ಸಮಾಧಾನದ ಸಂಗತಿ.

ಬಾಕಿ ವಸೂಲಿಯ ಕಾಲ

ಮುಂದೂಡಿದ ಬೇಡಿಕೆ ಒಮ್ಮೆಲೇ ಪೇಟೆಗೆ ನುಗ್ಗಿದರೆ ಏನಾಗುತ್ತದೆಂಬುದು ವರ್ತಕರಿಗೆ ತಿಳಿಯದ್ದಲ್ಲ. ಸೋಂಕಿಗೆ ಒಮ್ಮೆಯೂ ಒಡ್ಡಿಕೊಳ್ಳದ ಮಕ್ಕಳ ಸಂಖ್ಯೆ ಬೆಳೆಯುತ್ತ ಹೋಗಿತ್ತು. ನಿರ್ಬಂಧಗಳು ಸಡಿಲವಾದಂತೆ ವೈರಾಣುಗಳು ಋತುಮಾನ ತಪ್ಪಿ ಮರಳಿದವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೇ 2020ರ ಕೊನೆಯ ತಿಂಗಳುಗಳಲ್ಲಿ, ಅಂದರೆ ಅಲ್ಲಿನ ಬೇಸಿಗೆಯ ಹೊತ್ತಿಗೆ, ಆರ್.ಎಸ್.ವಿ. ಹಿಂದಿನ ವರ್ಷಗಳ ಸಾಮಾನ್ಯ ಚಳಿಗಾಲದ ಮಟ್ಟವನ್ನೂ ಮೀರಿತು. ಅಮೆರಿಕದಲ್ಲಿ 2021ರ ಬೇಸಿಗೆಯಲ್ಲಿ ಅದೇ ವೈರಾಣು ಅಕಾಲದಲ್ಲಿ ಹರಡಿತು. 2022ರ ಶರತ್ಕಾಲದಲ್ಲಿ ಅನೇಕ ಮಕ್ಕಳ ಆಸ್ಪತ್ರೆಗಳಲ್ಲಿ ಹಾಸಿಗೆಗಳಿಗೇ ಕೊರತೆ ಉಂಟಾಯಿತು.

ನಮ್ಮ ದೇಶದಲ್ಲಿ 2023ರ ಆರಂಭದಲ್ಲಿ ಕೋಲ್ಕತ್ತದ ಮಕ್ಕಳ ವಾರ್ಡುಗಳು ಅಡಿನೋವೈರಾಣುವಿನ ರೋಗಿಗಳಿಂದ ತುಂಬಿದವು. ಹಲವು ಮಕ್ಕಳು ಅಸುನೀಗಿದರು. ಅದೇ ಮಾರ್ಚ್‌ನಲ್ಲಿ ಎಚ್3ಎನ್2 ಇನ್‌ಫ್ಲುಯೆಂಜಾ ಹರಡಿದಾಗ ಕರ್ನಾಟಕ ಮತ್ತು ಹರಿಯಾಣದಲ್ಲಿ ತಲಾ ಒಂದು ಸಾವು ಸಂಭವಿಸಿದ್ದನ್ನು ಕೇಂದ್ರ ಆರೋಗ್ಯ ಸಚಿವಾಲಯ ದೃಢಪಡಿಸಿ, ಎಳೆಯ ಮಕ್ಕಳು ಮತ್ತು ಬೇರೆ ಕಾಯಿಲೆಗಳುಳ್ಳ ವೃದ್ಧರು ಹೆಚ್ಚಿನ ಅಪಾಯದಲ್ಲಿರುವರೆಂದು ಎಚ್ಚರಿಸಿತು.

ನೌಕರನ ಮನೆಯ ಲೆಕ್ಕ

ಸಾಂಕ್ರಾಮಿಕದ ದಿನಗಳಲ್ಲಿ ತಂದೆ-ತಾಯಿಯರನ್ನು ಆಸ್ಪತ್ರೆಯಿಂದ ದೂರವಿಟ್ಟದ್ದು ಸೋಂಕಿನ ಭಯ. ಮಾಮೂಲು ದಿನಗಳಲ್ಲಿ ಅವರನ್ನು ತಡೆಯುವುದು ಒಂದು ದಿನದ ಸಂಬಳದ ಚಿಂತೆ. ಪರಿಣಾಮ ಮಾತ್ರ ಒಂದೇ: ಮಗು ತಡವಾಗಿ ಆಸ್ಪತ್ರೆ ತಲುಪುತ್ತದೆ.

ಇ.ಎಸ್.ಐ. ಯೋಜನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2019ರ ಜುಲೈ 1ರಿಂದ ಜಾರಿಗೆ ಬಂದ ದರದಂತೆ ಮಾಲೀಕರ ವಂತಿಗೆ ಸಂಬಳದ ಶೇ. 3.25, ನೌಕರರದು ಶೇ. 0.75. ಇದಕ್ಕೆ ಪ್ರತಿಯಾಗಿ ನೌಕರನಿಗಷ್ಟೇ ಅಲ್ಲದೆ ಅವನ ಮಕ್ಕಳಿಗೂ ಚಿಕಿತ್ಸೆ ದೊರೆಯುತ್ತದೆ. ನೌಕರನೇ ಕಾಯಿಲೆ ಬಿದ್ದರೆ, ಷರತ್ತುಗಳಿಗೆ ಒಳಪಟ್ಟು, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಭತ್ಯೆಯೂ ಉಂಟು. ಆದರೆ ಮಗುವಿಗೆ ಕಾಯಿಲೆಯಾಗಿ ತಾಯಿ ಕೆಲಸಕ್ಕೆ ಬಾರದಿದ್ದರೆ ಆ ದಿನಕ್ಕೆ ಈ ಭತ್ಯೆ ಇಲ್ಲ. ಔಷಧಿ ಉಚಿತ, ಆದರೆ ಆ ದಿನದ ಕೂಲಿ ಖೋತಾ. ಹೀಗಾಗಿ ‘ಇನ್ನೊಂದು ದಿನ ನೋಡೋಣ’ ಎಂಬ ನಿರ್ಧಾರ ಆ ಮನೆಯಲ್ಲಿ ಹುಟ್ಟುತ್ತದೆ. ಎರಡನೆಯ ದಿನ ಮುಗಿಯುತ್ತಿದ್ದ ಕೆಮ್ಮು ಐದನೆಯ ದಿನ ನ್ಯುಮೋನಿಯಾ ಆಗಿ, ಒಂದು ದಿನದ ರಜೆಯ ಬದಲು ಹತ್ತು ದಿನಗಳ ಗೈರುಹಾಜರಿ ಎದುರಾಗಬಹುದು. ಅದರ ಬಿಸಿ ಮಾಲು ರವಾನೆಯ ದಿನಾಂಕಕ್ಕೂ ತಟ್ಟುತ್ತದೆ.

ಉದ್ಯಮಿಗಳು ಮಾಡಬಹುದಾದುದು

ಮೊದಲನೆಯದಾಗಿ, ಮಕ್ಕಳ ಕಾಯಿಲೆಗೆಂದೇ ವರ್ಷಕ್ಕೆ ಮೂರು ದಿನಗಳ ಸಂಬಳಸಹಿತ ರಜೆ ನೀಡುವುದನ್ನು ಪರಿಶೀಲಿಸಬಹುದು. 20 ಮಂದಿ ಕೆಲಸಗಾರರಿದ್ದು ದಿನಗೂಲಿ ರೂ. 600 ಎಂದಿಟ್ಟುಕೊಂಡರೆ, ಎಲ್ಲರೂ ಪೂರ್ತಿ ಬಳಸಿಕೊಂಡರೂ ವಾರ್ಷಿಕ ವೆಚ್ಚ ರೂ. 36,000 ಮೀರದು. ನುರಿತ ಕೆಲಸಗಾರನೊಬ್ಬನನ್ನು ಕಳೆದುಕೊಂಡು ಹೊಸಬನನ್ನು ತಯಾರು ಮಾಡುವ ಖರ್ಚಿನೊಡನೆ ಇದನ್ನು ಹೋಲಿಸಿ ನೋಡುವುದು ಒಳಿತು.

ಎರಡನೆಯದಾಗಿ, ಇ.ಎಸ್.ಐ. ದಾಖಲೆಗಳಲ್ಲಿ ನೌಕರರ ಮಕ್ಕಳ ಹೆಸರುಗಳು ಸೇರಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ವಂತಿಗೆ ಕಟ್ಟಿಯೂ ಹೆಸರಿಲ್ಲದ ಕಾರಣಕ್ಕೆ ಮಗುವನ್ನು ಹೊತ್ತು ಅಲೆದಾಡುವ ಪರಿಸ್ಥಿತಿ ಬರಬಾರದು.

ಮೂರನೆಯದಾಗಿ, ಲಸಿಕೆಯ ದಿನ ಅರ್ಧ ದಿನದ ಬಿಡುವು ನೀಡಬೇಕು. ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಲಸಿಕೆಯನ್ನು 2021ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ದೇಶಾದ್ಯಂತ ವಿಸ್ತರಿಸಲಾಯಿತು. ಆರು ವಾರ, 14 ವಾರ ಮತ್ತು ಒಂಬತ್ತನೆಯ ತಿಂಗಳಲ್ಲಿ ಇದನ್ನು ಉಚಿತವಾಗಿ ನೀಡಲಾಗುತ್ತದೆ.

ನಾಲ್ಕನೆಯದಾಗಿ, ಅಪಾಯದ ಚಿಹ್ನೆಗಳನ್ನು ಸೂಚನಾ ಫಲಕದಲ್ಲಿ ಬರೆಸಿ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ತಿಂಗಳೊಳಗಿನ ಶಿಶು ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು 50 ಅಥವಾ ಹೆಚ್ಚು ಬಾರಿ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು-ನೀರು ಕುಡಿಯಲಾಗದಿರುವುದು, ತುಟಿ ನೀಲಿಗಟ್ಟುವುದು ಇವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕಾದ ಸೂಚನೆಗಳು.

ಕೊನೆಯದಾಗಿ, ಜ್ವರ-ಕೆಮ್ಮು ಇರುವ ಕೆಲಸಗಾರನನ್ನು ಮನೆಗೆ ಕಳುಹಿಸುವುದು ಮತ್ತು ಕಾರ್ಯಾಗಾರದಲ್ಲಿ ಗಾಳಿ ಆಡುವಂತೆ ಕಿಟಕಿಗಳನ್ನು ತೆರೆದಿಡುವುದು. ಒಬ್ಬನಿಂದ ಹತ್ತು ಜನರಿಗೆ, ಆ ಹತ್ತು ಜನರಿಂದ ಹತ್ತು ಮನೆಗಳ ತೊಟ್ಟಿಲಿಗೆ ಸೋಂಕು ತಲುಪುವ ದಾರಿ ಇಲ್ಲಿಯೇ ಆರಂಭವಾಗುತ್ತದೆ.

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮಳೆಗಾಲ ಮತ್ತು ಚಳಿಗಾಲಗಳು ಮಾತ್ರ ಪ್ರತಿ ವರ್ಷ ಬರುತ್ತವೆ, ಅವುಗಳೊಡನೆ ಮಕ್ಕಳ ಕೆಮ್ಮು-ದಮ್ಮೂ ಬರುತ್ತವೆ. ಗೋಡೆಯ ಮೇಲಿನ ಒಂದು ಫಲಕ, ಹಾಜರಿ ಪುಸ್ತಕದಲ್ಲಿ ರಜೆಗೊಂದು ಕಾಲಂ, ಇ.ಎಸ್.ಐ. ದಾಖಲೆಯಲ್ಲಿ ಮಗುವಿನ ಹೆಸರು: ಇಷ್ಟನ್ನು ಈ ತಿಂಗಳೇ ಮಾಡಿ ಮುಗಿಸುವುದು ಯಾವ ಸಣ್ಣ ಉದ್ದಿಮೆಗೂ ಅಸಾಧ್ಯವೇನಲ್ಲ.